ಟ್ಯೂಬಿನಲ್ಲಿ ನಿಂತ ಗರ್ಭ: ಟ್ಯೂಬನ್ನು ಉಳಿಸಬಹುದಿತ್ತೇ?

ಪ್ರಶ್ನೆ: ನನಗೆ 31 ವರ್ಷ, ಇದು ಮೊದಲ ಗರ್ಭ. ಏಳನೇ ವಾರದಲ್ಲಿ ಸ್ವಲ್ಪ ಸ್ವಲ್ಪ ರಕ್ತ ಹೋಗಲು ಶುರುವಾಯಿತು. ಒಂದು ರಾತ್ರಿ ಕೆಳಹೊಟ್ಟೆಯ ಬಲಗಡೆ ತಡೆಯಲಾರದ ನೋವು. ಸ್ಕ್ಯಾನ್ ಮಾಡಿ, ಗರ್ಭ ಟ್ಯೂಬಿನಲ್ಲಿ ನಿಂತಿದೆ ಎಂದು ಹೇಳಿ, ಎರಡು ಗಂಟೆಯೊಳಗೆ ಲ್ಯಾಪರೊಸ್ಕೋಪಿ ಮಾಡಿದರು. ಎದ್ದು ಕೇಳಿದಾಗ ಬಲಗಡೆಯ ಟ್ಯೂಬನ್ನೇ ತೆಗೆದಿದ್ದೇವೆ ಎಂದರು. ನನ್ನ ಚಿಕ್ಕಮ್ಮನ ಮಗಳಿಗೂ ಹೀಗೇ ಆಗಿತ್ತು, ಆದರೆ ಅವಳಿಗೆ ಟ್ಯೂಬು ಸೀಳಿ ಗರ್ಭ ಮಾತ್ರ ತೆಗೆದು ಟ್ಯೂಬು ಉಳಿಸಿದ್ದರು. ಪರಿಚಯದ ಇನ್ನೊಬ್ಬರಿಗೆ ಬರೀ ಇಂಜೆಕ್ಷನ್ನಿನಲ್ಲೇ ಗುಣವಾಯಿತು. ನನಗೆ ಮಾತ್ರ ಯಾಕೆ ಹೀಗೆ? ಅವಸರ ಮಾಡಿದರೇ? ಮಗುವಾಗುವ ಅವಕಾಶ ಅರ್ಧ ಹೋಯಿತು ಎಂದು ಮನೆಯವರೆಲ್ಲ ಅನ್ನುತ್ತಿದ್ದಾರೆ. ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಡಿಸ್ಚಾರ್ಜ್ ಸಮ್ಮರಿ ಕಳಿಸಿದ್ದೇನೆ. ಇನ್ನೊಂದು, ಆಪರೇಷನ್ ಆದ ಮೇಲೆ ಎರಡು ಮೂರು ದಿನ ಭುಜ ನೋಯುತ್ತಿತ್ತು, ಹೃದಯದ್ದೇನೋ ಎಂದು ಹೆದರಿದೆ.

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮೊದಲು ಒಂದು ತುರ್ತಿನ ಮಾತು. ಸಮ್ಮರಿಯಲ್ಲಿ ಬ್ಲಡ್ ಗ್ರೂಪ್ ಬರೆಯುವ ಜಾಗ ಖಾಲಿ ಇದೆ. ನಿಮ್ಮದು ನೆಗೆಟಿವ್ ಗ್ರೂಪ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಇವತ್ತೇ ಫೋನು ಮಾಡಿ ಕೇಳಿ. ಅದನ್ನು 72 ಗಂಟೆಯೊಳಗೆ ಕೊಡುವುದು ವಾಡಿಕೆ. ತಪ್ಪಿಹೋಗಿದ್ದರೂ ಹತ್ತು ದಿನದೊಳಗೆ ಕೊಟ್ಟರೆ ಒಂದಷ್ಟು ರಕ್ಷಣೆ ಸಿಗುತ್ತದೆ. ಮುಂದೆ ಹುಟ್ಟುವ ಮಗುವಿನ ರಕ್ತಕಣಗಳ ಮೇಲೆ ನಿಮ್ಮ ದೇಹ ಈಗಲೇ ಹಗೆ ಕಟ್ಟಿಕೊಳ್ಳದಿರಲಿ ಎಂದು ಕೊಡುವ ಇಂಜೆಕ್ಷನ್ ಅದು. ಪಾಸಿಟಿವ್ ಗ್ರೂಪ್ ಆಗಿದ್ದರೆ ಈ ಪ್ಯಾರಾವನ್ನು ಮರೆತುಬಿಡಿ.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಪತ್ರಕ್ಕಿಂತ ಮೊದಲು ನಾನು ಓದಿದ್ದು ಸಮ್ಮರಿಯ ಎರಡನೇ ಪುಟದಲ್ಲಿರುವ ಆಪರೇಷನ್ ನೋಟ್ಸ್. ನಾಲ್ಕೇ ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: ಬಲ ಟ್ಯೂಬಿನ ಆಂಪುಲ್ಲಾ ಭಾಗದಲ್ಲಿ 4 ಸೆಂ.ಮೀ. ಗಂಟು, ಒಡೆದಿದೆ, ರಕ್ತ ಬರುತ್ತಲೇ ಇದೆ. ಹೊಟ್ಟೆಯೊಳಗೆ ಸುಮಾರು 700 ಮಿ.ಲೀ. ರಕ್ತ ಮತ್ತು ಹೆಪ್ಪು. ಎಡ ಟ್ಯೂಬು ಮತ್ತು ಎರಡೂ ಅಂಡಾಶಯ ಸಹಜ. ಬಲ ಸಾಲ್ಪಿಂಜೆಕ್ಟಮಿ (ಟ್ಯೂಬನ್ನು ತೆಗೆಯುವ ಆಪರೇಷನ್) ಮಾಡಲಾಯಿತು. ನಾಲ್ಕನೇ ಸಾಲು ನಿಮ್ಮನ್ನು ಕಾಡುತ್ತಿದೆ. ಅದು ಯಾಕೆ ಬಂತು ಎಂಬುದು ಮೊದಲ ಮೂರು ಸಾಲಿನಲ್ಲಿದೆ. ಅದರಲ್ಲೂ ಮೂರನೆಯ ಸಾಲನ್ನು ನಿಮ್ಮ ಮನೆಯವರು ಯಾರೂ ಓದಿದಂತಿಲ್ಲ. ನಾನು ಅದನ್ನೇ ಹಿಡಿದು ಮಾತಾಡುತ್ತೇನೆ.

ಮೊದಲು ಒಡೆದದ್ದು ಯಾಕೆ ಎಂಬುದು. ಗರ್ಭನಾಳ, ಅಂದರೆ ನಾವು ಟ್ಯೂಬು ಎನ್ನುವುದು, ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ, ಮೃದುವಾದ ಒಂದು ಕೊಳವೆ. ಅಂಡಾಶಯದ ಕಡೆಯ ಅಗಲವಾದ ಭಾಗವೇ ಆಂಪುಲ್ಲಾ. ಅಂಡ ಮತ್ತು ವೀರ್ಯಾಣು ಕೂಡುವುದು ಅಲ್ಲೇ, ಎಲ್ಲರಲ್ಲೂ. ಕೂಡಿದ ಮೇಲೆ ಭ್ರೂಣ ನಾಲ್ಕೈದು ದಿನದಲ್ಲಿ ಗರ್ಭಕೋಶಕ್ಕೆ ಇಳಿಯಬೇಕು. ನಿಮ್ಮಲ್ಲಿ ಇಳಿಯಲಿಲ್ಲ, ಹುಟ್ಟಿದ ಜಾಗದಲ್ಲೇ ಬೇರು ಬಿಟ್ಟಿತು. ಟ್ಯೂಬಿನಲ್ಲಿ ನಿಲ್ಲುವ ಗರ್ಭಗಳಲ್ಲಿ ಸುಮಾರು 70 ಶೇಕಡಾ ಈ ಆಂಪುಲ್ಲಾದಲ್ಲೇ. ಗರ್ಭಕೋಶದ ಗೋಡೆ ದಪ್ಪ, ಅದರ ಒಳಪದರ ಬೇರನ್ನು ಒಂದು ಹದದಲ್ಲಿ ತಡೆದು ಹಿಡಿಯುತ್ತದೆ. ಟ್ಯೂಬಿನ ಗೋಡೆಗೆ ಆ ಕಸುವಿಲ್ಲ. ಬೇರು ನೇರವಾಗಿ ಗೋಡೆಯ ರಕ್ತನಾಳಗಳಿಗೇ ಇಳಿಯುತ್ತದೆ, ಒಂದು ದಿನ ಗೋಡೆ ಬಿರಿಯುತ್ತದೆ. ಆ ಗರ್ಭವನ್ನು ಬಿಡಿಸಿ ಗರ್ಭಕೋಶದೊಳಗೆ ಕೂರಿಸುವ ಶಸ್ತ್ರಚಿಕಿತ್ಸೆ ಎಲ್ಲಿಯೂ ಇಲ್ಲ. ನೀವು ಅದನ್ನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಎಷ್ಟೋ ಮಂದಿ ಬಾಯಿಬಿಟ್ಟು ಕೇಳದೆ ವರ್ಷಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡಿರುವ ಪ್ರಶ್ನೆ ಇದು. ಹಾಗೆಯೇ, ಎಕ್ಟೋಪಿಕ್ (ಹೀಗೆ ಗರ್ಭಕೋಶದ ಹೊರಗೆ ನಿಂತ ಗರ್ಭ) ಆದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಹೇಳಿಕೊಳ್ಳುವಂಥ ಯಾವ ಕಾರಣವೂ ಸಿಗುವುದಿಲ್ಲ. ಮೆಟ್ಟಿಲು ಹತ್ತಿದ್ದು, ಗಾಡಿಯಲ್ಲಿ ಹೋದದ್ದು, ಏನೋ ತಿಂದದ್ದು, ಇವಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂಜೆಕ್ಷನ್ ಯಾಕೆ ಕೊಡಲಿಲ್ಲ? ಆ ಇಂಜೆಕ್ಷನ್ನಿನ ಹೆಸರು ಮೆಥೊಟ್ರೆಕ್ಸೇಟ್. ವೇಗವಾಗಿ ಬೆಳೆಯುವ ಜೀವಕೋಶಗಳಿಗೆ ಫೋಲೇಟ್ ದಕ್ಕದಂತೆ ಮಾಡಿ ಬೆಳವಣಿಗೆ ನಿಲ್ಲಿಸುತ್ತದೆ. ಒಳ್ಳೆಯ ಔಷಧಿಯೇ, ನಾನೂ ಕೊಡುತ್ತೇನೆ. ಆದರೆ ಅದು ನಿಧಾನದ ಔಷಧಿ. ಕೊಟ್ಟ ನಾಲ್ಕನೇ ದಿನ ಮತ್ತು ಏಳನೇ ದಿನ ರಕ್ತದಲ್ಲಿ ಬೀಟಾ ಎಚ್‌ಸಿಜಿ ಎಂಬ ಬಸಿರಿನ ಹಾರ್ಮೋನನ್ನು ನೋಡುತ್ತೇವೆ. ಆ ಎರಡರ ನಡುವೆ ಕನಿಷ್ಠ 15 ಶೇಕಡಾ ಇಳಿದಿದ್ದರೆ ಔಷಧಿ ಹಿಡಿಯುತ್ತಿದೆ ಎಂದು ಲೆಕ್ಕ. ಪೂರ್ತಿ ಇಳಿಯಲು ವಾರಗಳೇ ಬೇಕು. ಅಷ್ಟು ದಿನ ಟ್ಯೂಬು ಒಡೆಯದೆ ಕಾಯಬೇಕಲ್ಲ? ಆದ್ದರಿಂದ ನೋವು ಅಷ್ಟಾಗಿ ಇಲ್ಲದ, ಗಂಟು 3.5 ಸೆಂ.ಮೀ.ಗಿಂತ ಚಿಕ್ಕದಿರುವ, ಸ್ಕ್ಯಾನಿನಲ್ಲಿ ಭ್ರೂಣದ ಹೃದಯ ಬಡಿತ ಕಾಣದ, ಎಚ್‌ಸಿಜಿ 5000ದ ಒಳಗಿರುವ, ಮತ್ತೆ ಮತ್ತೆ ರಕ್ತ ಪರೀಕ್ಷೆಗೆ ತಪ್ಪದೆ ಬರಬಲ್ಲ ಹೆಂಗಸಿಗೆ ಅದು. ನಿಮ್ಮ ಎಚ್‌ಸಿಜಿ 6,200, ಗಂಟು 4 ಸೆಂ.ಮೀ. ಅದೆಲ್ಲ ಹಾಗಿರಲಿ, ಹೊಟ್ಟೆಯಲ್ಲಿ ರಕ್ತ ತುಂಬಿತ್ತು. ಟ್ಯೂಬು ಒಡೆದ ಮೇಲೆ ಮೆಥೊಟ್ರೆಕ್ಸೇಟ್ ಎಂಬ ಮಾತೇ ಇಲ್ಲ. ನಿಮ್ಮ ಪರಿಚಯದವರದು ಬೇಗ ಸಿಕ್ಕಿಬಿದ್ದ ಎಕ್ಟೋಪಿಕ್ ಇರಬೇಕು. ಕಾಯಿಲೆಯ ಹೆಸರು ಒಂದೇ ಆದರೂ ನಿಮ್ಮಿಬ್ಬರ ಸ್ಥಿತಿ ಒಂದೇ ಅಲ್ಲ.

ಅವಸರದ ಮಾತಿಗೆ ಬರುತ್ತೇನೆ. "ಬಿಪಿ ನಾರ್ಮಲ್ ಇತ್ತು, ಮಾತಾಡುತ್ತಾ ನಡೆದುಕೊಂಡೇ ಸ್ಕ್ಯಾನಿಗೆ ಹೋದೆ, ಆದರೂ ಓಡಿಸಿಕೊಂಡು ಒಟಿಗೆ ಕರೆದುಕೊಂಡು ಹೋದರು" ಎಂಬ ದೂರನ್ನು ನಾನು ಬಹಳ ಕೇಳಿದ್ದೇನೆ. ಆರೋಗ್ಯವಂತ ಯುವತಿಯ ದೇಹ ರಕ್ತ ಕಳೆದುಕೊಳ್ಳುತ್ತಿದ್ದರೂ ಬಿಪಿ ಬೀಳಗೊಡುವುದಿಲ್ಲ. ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯದ ಬಡಿತ ಏರಿಸಿ, ತೂಗಿಸಿಕೊಂಡು ಹೋಗುತ್ತದೆ. ದೇಹದ ಒಟ್ಟು ರಕ್ತದ ಸುಮಾರು 30 ಶೇಕಡಾ ಹೋಗುವವರೆಗೂ ಹೀಗೇ ನಡೆಯುತ್ತದೆ. ಅಂದರೆ ಹೆಚ್ಚುಕಡಿಮೆ ಒಂದೂವರೆ ಲೀಟರಿನ ಹತ್ತಿರ. ಅದು ದಾಟಿತೋ, ಒಮ್ಮೆಲೇ ಕುಸಿಯುತ್ತಾರೆ. ನಾನು ಕಿರಿಯ ವೈದ್ಯೆಯಾಗಿದ್ದಾಗ ಒಬ್ಬಾಕೆ ಬಿಪಿ 110/70 ಇಟ್ಟುಕೊಂಡು, ಊಟ ಮಾಡಬಹುದೇ ಎಂದು ನನ್ನನ್ನು ಕೇಳುತ್ತಿದ್ದರು. ಹೊಟ್ಟೆ ತೆರೆದಾಗ ಲೀಟರಿಗೂ ಮೀರಿ ರಕ್ತವಿತ್ತು. ಅಂದಿನಿಂದ ಎಕ್ಟೋಪಿಕ್ ಎಂಬ ಸಂಶಯ ಬಂದಲ್ಲಿ ನಾನು ನಂಬುವುದು ನಾಡಿಯನ್ನು, ಬಿಪಿಯನ್ನಲ್ಲ. ನಿಮ್ಮ ಚಾರ್ಟಿನಲ್ಲಿ ನಾಡಿ 118. ಎರಡು ಗಂಟೆಯೊಳಗೆ ಮಾಡಿದ್ದು ಅವಸರವಲ್ಲ.

ಒಟಿಯೊಳಗೆ ಏನಾಯಿತು ಎಂಬುದನ್ನು ನಿಮಗೆ ಯಾರೂ ವಿವರಿಸಿ ಹೇಳಿಲ್ಲ ಎಂದು ತೋರುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಲ್ಲಿ ಒಂದು ಸಣ್ಣ ರಂಧ್ರ ಮಾಡಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತೇವೆ. ಒಳಗೆ ಕೆಲಸ ಮಾಡಲು ಜಾಗ ಬೇಕಲ್ಲ, ಅದಕ್ಕೆ. ಅಲ್ಲಿಂದ ಕ್ಯಾಮೆರಾ ಒಳಗೆ ಹೋಗುತ್ತದೆ. ಕೆಳಹೊಟ್ಟೆಯಲ್ಲಿ ಇನ್ನೆರಡು, 5 ಮಿ.ಮೀ. ರಂಧ್ರ. ತಲೆ ಕೆಳಗಾಗುವಂತೆ ಟೇಬಲ್ ಬಾಗಿಸಿದರೆ ಕರುಳು ಮೇಲಕ್ಕೆ ಸರಿಯುತ್ತದೆ. ಒಡೆದ ಎಕ್ಟೋಪಿಕ್ಕಿನಲ್ಲಿ ಪರದೆಯ ಮೇಲೆ ಮೊದಲು ಕಾಣುವುದು ಟ್ಯೂಬಲ್ಲ, ಬರೀ ಕೆಂಪು. ರಕ್ತ ಹೀರಿ, ಹೆಪ್ಪು ಬಿಡಿಸಿ, ಉಪ್ಪುನೀರಿನಲ್ಲಿ ತೊಳೆಯುತ್ತಾ ಹೋದಂತೆ ಗರ್ಭಕೋಶ ಕಾಣುತ್ತದೆ, ಅದರ ಪಕ್ಕದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡ ಟ್ಯೂಬು. ರಕ್ತ ಬರುವ ಜಾಗವನ್ನು ಫೋರ್ಸೆಪ್ಸಿನಲ್ಲಿ ಹಿಡಿದ ಮೇಲೆ ಸರ್ಜನ್ನಿಗೆ ಒಂದು ಕ್ಷಣ ಉಸಿರಾಡಲು ಸಿಗುತ್ತದೆ. ಆಗ ಮಾಡುವ ಮೊದಲ ಕೆಲಸ ಏನು ಗೊತ್ತೇ? ಕ್ಯಾಮೆರಾವನ್ನು ಆಚೆ ಕಡೆಗೆ ತಿರುಗಿಸಿ ಇನ್ನೊಂದು ಟ್ಯೂಬನ್ನು ನೋಡುವುದು. ಅದರ ತುದಿಯ ಬೆರಳುಗಳಂಥ ಎಳೆಗಳು ಬಿಡಿಬಿಡಿಯಾಗಿವೆಯೇ, ಅಂಟಿಕೊಂಡು ಮುಚ್ಚಿಹೋಗಿವೆಯೇ? ನೀರು ತುಂಬಿ ಊದಿದೆಯೇ? ಅಂಡಾಶಯಕ್ಕೆ, ಕರುಳಿಗೆ ಅಂಟಿದೆಯೇ? ನಿಮ್ಮ ಸಮ್ಮರಿಯ ಮೂರನೇ ಸಾಲು ಹುಟ್ಟಿದ್ದು ಆ ಗಳಿಗೆಯಲ್ಲಿ. ಬಲ ಟ್ಯೂಬಿನ ಹಣೆಬರಹ ನಿರ್ಧಾರವಾದದ್ದು ಎಡ ಟ್ಯೂಬನ್ನು ನೋಡಿ.

ಈಗ ಎರಡು ದಾರಿ. ಒಂದು ಸಾಲ್ಪಿಂಜೆಕ್ಟಮಿ, ಟ್ಯೂಬನ್ನೇ ತೆಗೆಯುವುದು. ಟ್ಯೂಬಿಗೂ ಅಂಡಾಶಯಕ್ಕೂ ನಡುವೆ ತೆಳ್ಳಗಿನ ಒಂದು ಪರದೆ ಇದೆ. ಅಂಡಾಶಯಕ್ಕೆ ಹೋಗುವ ಸಣ್ಣ ರಕ್ತನಾಳಗಳೂ ಅದರಲ್ಲೇ ಹಾಯುತ್ತವೆ. ಹಾಗಾಗಿ ಟ್ಯೂಬಿಗೆ ಆದಷ್ಟು ಹತ್ತಿರದಲ್ಲೇ, ಬೈಪೋಲಾರ್ ಎಂಬ ಇಕ್ಕಳದಲ್ಲಿ ಹಿಡಿದು ಕರೆಂಟು ಕೊಟ್ಟು, ಅಂಗಾಂಶ ಬೆಳ್ಳಗಾದ ಮೇಲೆ ಕತ್ತರಿಸುತ್ತಾ, ಗರ್ಭಕೋಶದ ಮೂಲೆಯವರೆಗೆ ಬರುತ್ತೇವೆ. ಬಿಡಿಸಿದ ಟ್ಯೂಬನ್ನು ಚಿಕ್ಕ ಚೀಲದೊಳಗೆ ಹಾಕಿ ರಂಧ್ರದಿಂದ ಹೊರಗೆಳೆಯುತ್ತೇವೆ. ಗರ್ಭದ ಚೂರು ಹೊಟ್ಟೆಯೊಳಗೆ ಉದುರಿದರೆ ಅದು ಕಂಡಕಂಡಲ್ಲಿ ಅಂಟಿ ಬೆಳೆಯಬಹುದು, ಅದಕ್ಕೇ ಚೀಲ. ಹೊಟ್ಟೆ ಮತ್ತೊಮ್ಮೆ ತೊಳೆದರೆ ಕೆಲಸ ಮುಗಿಯಿತು. ಅಂಡಾಶಯ ತನ್ನ ಜಾಗದಲ್ಲೇ ಇರುತ್ತದೆ, ಅಂಡ ಬಿಡುತ್ತಲೇ ಇರುತ್ತದೆ. "ಒಂದು ಕಡೆ ತೆಗೆದುಬಿಟ್ಟರು" ಎಂದಾಗ ಮನೆಯವರು ಅಂಡಾಶಯವೂ ಹೋಯಿತು ಎಂದುಕೊಂಡಿರುವುದೇ ಹೆಚ್ಚು. ನಿಮ್ಮದು ಎರಡೂ ಇವೆ.

ಇನ್ನೊಂದು ದಾರಿ ಸಾಲ್ಪಿಂಗಾಟಮಿ, ನಿಮ್ಮ ಚಿಕ್ಕಮ್ಮನ ಮಗಳಿಗೆ ಮಾಡಿದ್ದು. ರಕ್ತನಾಳಗಳನ್ನು ಸಂಕುಚಿಸುವ ವ್ಯಾಸೊಪ್ರೆಸಿನ್ ಎಂಬ ಔಷಧಿಯನ್ನು ಚೆನ್ನಾಗಿ ನೀರು ಮಾಡಿ ಟ್ಯೂಬಿನ ಬುಡಕ್ಕೆ ಕೊಡುವುದುಂಟು. ಊದಿದ ಭಾಗದ ಬೆನ್ನಿನ ಮೇಲೆ, ರಕ್ತನಾಳ ಕಡಿಮೆ ಇರುವ ಕಡೆ, ಒಂದು ಒಂದೂವರೆ ಸೆಂಟಿಮೀಟರ್ ಉದ್ದಕ್ಕೆ ಸೀಳುತ್ತೇವೆ. ಒತ್ತಡದಲ್ಲಿ ನೀರು ಬಿಟ್ಟರೆ ಗರ್ಭ ಗೋಡೆಯಿಂದ ಕಳಚಿಕೊಂಡು ಹೊರಗೆ ಜಾರುತ್ತದೆ. ಇಕ್ಕಳ ಹಾಕಿ ಚೂರುಚೂರಾಗಿ ಕಿತ್ತರೆ ಗೋಡೆಗೇ ಗಾಯ, ಅದಕ್ಕೇ ನೀರಿನ ಉಪಾಯ. ರಕ್ತ ನಿಂತರೆ ಸೀಳಿಗೆ ಹೊಲಿಗೆ ಹಾಕದೆ ಹಾಗೇ ಬಿಡುತ್ತೇವೆ, ಅದು ತಾನಾಗಿ ಕೂಡಿಕೊಳ್ಳುತ್ತದೆ. ನೋಡಲು ಚೆಂದದ ಆಪರೇಷನ್. ಟ್ಯೂಬು ಉಳಿಯಿತು ಎಂಬ ಸಮಾಧಾನ ರೋಗಿಗೂ, ಕೈಚಳಕ ತೋರಿದೆ ಎಂಬ ಖುಷಿ ಸರ್ಜನ್ನಿಗೂ. ಈ ಎರಡೂ ಭಾವನೆ ಇರುವುದರಿಂದಲೇ ಬಹಳ ವರ್ಷ ಇದೇ ಮೇಲು ಎಂದು ನಾವೆಲ್ಲ ನಂಬಿದ್ದೆವು.

ಆ ನಂಬಿಕೆಯನ್ನು ತೂಗಿ ನೋಡಿದ ಅಧ್ಯಯನಗಳು ಬಂದದ್ದು ಬಹಳ ತಡವಾಗಿ. 2014ರಲ್ಲಿ ಪ್ರಕಟವಾದ ಇಎಸ್‌ಇಪಿ ಎಂಬ ಅಧ್ಯಯನದಲ್ಲಿ 446 ಮಂದಿ ಹೆಂಗಸರಿದ್ದರು. ಎಲ್ಲರದೂ ನಿಮ್ಮ ಹಾಗೆಯೇ ಇನ್ನೊಂದು ಟ್ಯೂಬು ಚೆನ್ನಾಗಿತ್ತು. ಯಾರಿಗೆ ಟ್ಯೂಬು ತೆಗೆಯಬೇಕು, ಯಾರಿಗೆ ಉಳಿಸಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಮೂರು ವರ್ಷದೊಳಗೆ ತಾವಾಗಿಯೇ ಬಸಿರಾಗಿ ಆ ಬಸಿರು ನಿಂತವರ ಪ್ರಮಾಣ: ಟ್ಯೂಬು ಉಳಿಸಿದವರಲ್ಲಿ 60.7 ಶೇಕಡಾ, ತೆಗೆದವರಲ್ಲಿ 56.2 ಶೇಕಡಾ. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಇದರ ಹಿಂದಿನ ವರ್ಷ ಬಂದ ಫ್ರಾನ್ಸಿನ ಡಿಮೀಟರ್ ಅಧ್ಯಯನದಲ್ಲೂ ಎರಡು ವರ್ಷದ ಕೊನೆಗೆ ಗರ್ಭಕೋಶದಲ್ಲಿ ಬಸಿರು ನಿಂತವರ ಲೆಕ್ಕ ಹೆಚ್ಚುಕಡಿಮೆ ಸಮವಾಗಿತ್ತು: ಉಳಿಸಿದವರಲ್ಲಿ 70, ತೆಗೆದವರಲ್ಲಿ 64 ಶೇಕಡಾ.

ಉಳಿಸಿದ್ದಕ್ಕೆ ಕೊಟ್ಟ ಬೆಲೆ ಮಾತ್ರ ಸಮವಾಗಿರಲಿಲ್ಲ. ಇಎಸ್‌ಇಪಿಯಲ್ಲಿ ಟ್ಯೂಬು ಉಳಿಸಲು ಹೊರಟವರಲ್ಲಿ ಐದರಲ್ಲಿ ಒಬ್ಬರಿಗೆ ರಕ್ತ ನಿಲ್ಲದೆ ಟೇಬಲ್ ಮೇಲೆಯೇ ಟ್ಯೂಬು ತೆಗೆಯಬೇಕಾಯಿತು. 7 ಶೇಕಡಾ ಮಂದಿಯಲ್ಲಿ ಗರ್ಭದ ಚೂರು ಗೋಡೆಯಲ್ಲೇ ಉಳಿದು ಮತ್ತೆ ಬೆಳೆಯಲು ಹೊರಟಿತು. ಟ್ಯೂಬು ತೆಗೆದವರಲ್ಲಿ ಇದು 1 ಶೇಕಡಾಕ್ಕಿಂತ ಕಡಿಮೆ. ಮುಂದೆ ಮತ್ತೊಂದು ಎಕ್ಟೋಪಿಕ್ ಆದದ್ದು ಉಳಿಸಿದವರಲ್ಲಿ 8, ತೆಗೆದವರಲ್ಲಿ 5 ಶೇಕಡಾ. ಚೂರು ಉಳಿದಿರಬಹುದು ಎಂಬ ಕಾರಣಕ್ಕೇ ಟ್ಯೂಬು ಉಳಿಸಿದವರನ್ನು ವಾರ ವಾರ ಎಚ್‌ಸಿಜಿಗೆ ಕರೆಸುತ್ತೇವೆ, ಅದು ಸೊನ್ನೆಯ ಹತ್ತಿರ ಬರುವವರೆಗೂ. ಇಳಿಯದಿದ್ದರೆ ಮೆಥೊಟ್ರೆಕ್ಸೇಟ್, ಕೆಲವೊಮ್ಮೆ ಎರಡನೇ ಆಪರೇಷನ್. ನಿಮ್ಮ ಚಿಕ್ಕಮ್ಮನ ಮಗಳನ್ನೇ ಕೇಳಿ ನೋಡಿ, ಆಪರೇಷನ್ ಆದ ಮೇಲೂ ಎಷ್ಟು ಸಲ ರಕ್ತ ಕೊಡಲು ಹೋಗಿದ್ದರು ಎಂದು.

ಹಾಗಾದರೆ ಅವರಿಗೆ ಮಾಡಿದ್ದು ತಪ್ಪೇ? ಹಾಗೆ ಹೇಳಲಾರೆ. ಅವರ ಆಪರೇಷನ್ ನೋಟ್ಸ್ ನನ್ನ ಮುಂದಿಲ್ಲ. ಆದರೆ ಯಾವಾಗ ನಾನೂ ಟ್ಯೂಬು ಉಳಿಸಲು ಹೆಣಗುತ್ತೇನೆ ಎಂಬುದನ್ನು ಹೇಳಬಲ್ಲೆ. ಇನ್ನೊಂದು ಟ್ಯೂಬು ಹಿಂದೆಯೇ ಹೋಗಿದ್ದರೆ. ಇದ್ದರೂ ಹಳೆಯ ಸೋಂಕಿನಿಂದ ಮುಚ್ಚಿದ್ದರೆ, ಊದಿಕೊಂಡಿದ್ದರೆ, ಅಂಟಿಕೊಂಡಿದ್ದರೆ. ಅಂಥವರಿಗೆ ಈ ಟ್ಯೂಬೂ ಹೋದರೆ ಮುಂದೆ ಐವಿಎಫ್ ಒಂದೇ ದಾರಿ. ಆಗ ಐದರಲ್ಲಿ ಒಂದರ ಅಪಾಯವೂ, ವಾರ ವಾರದ ರಕ್ತ ಪರೀಕ್ಷೆಯೂ ಹೊರೆ ಅನಿಸುವುದಿಲ್ಲ. ಅಲ್ಲಿಯೂ ಎರಡು ಷರತ್ತು: ಟ್ಯೂಬು ಛಿದ್ರವಾಗಿರಬಾರದು, ರಕ್ತ ನಿಲ್ಲಬೇಕು. ನಿಮ್ಮಲ್ಲಿ ಒಂದನೇ ಸಾಲು ಈ ಷರತ್ತುಗಳನ್ನು ಮುರಿಯಿತು, ಮೂರನೇ ಸಾಲು ಆ ಸಾಹಸದ ಅಗತ್ಯವೇ ಇಲ್ಲ ಎಂದಿತು. ಟ್ಯೂಬು ಉಳಿಸಿದವರು ಮುಂದುವರಿದ ಡಾಕ್ಟರು, ತೆಗೆದವರು ಹಳೇ ಕಾಲದವರು ಎಂಬ ಲೆಕ್ಕಾಚಾರ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ನಾನು ನಿಮ್ಮ ಟೇಬಲ್ಲಿನ ಮುಂದೆ ನಿಂತಿದ್ದರೂ ಅದನ್ನೇ ಮಾಡುತ್ತಿದ್ದೆ.

ಗರ್ಭವನ್ನು ಟ್ಯೂಬಿನ ತುದಿಯಿಂದ ಹಿಂಡಿ ತೆಗೆಯುವ ಇನ್ನೊಂದು ವಿಧಾನವೂ ಬಳಕೆಯಲ್ಲಿತ್ತು. ಒಳಗೆ ಚೂರು ಉಳಿಯುವುದು ಹೆಚ್ಚು. ಗರ್ಭ ತುದಿಯಲ್ಲೇ ಇದ್ದು ತಾನಾಗಿ ಜಾರುತ್ತಿದ್ದರೆ ಬಿಟ್ಟರೆ ನಾನು ಅದಕ್ಕೆ ಕೈ ಹಾಕುವುದಿಲ್ಲ.

ಲ್ಯಾಪರೊಸ್ಕೋಪಿಯೋ ಹೊಟ್ಟೆ ಕೊಯ್ಯುವುದೋ ಎಂಬುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ಅದಾಗಲೇ ಆಗಿದೆ. 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾಸನ್ ಟೇಟ್ ಎಂಬ ಸರ್ಜನ್ ಒಡೆದ ಟ್ಯೂಬನ್ನು ತೆಗೆದು ರೋಗಿಯನ್ನು ಬದುಕಿಸಿದ್ದು ಹೊಟ್ಟೆ ಕೊಯ್ದೇ. ಅದಕ್ಕೆ ಮೊದಲು ಈ ಕಾಯಿಲೆಯಲ್ಲಿ ಸಾಯುವವರೇ ಹೆಚ್ಚು. 1980ರ ಹೊತ್ತಿಗೆ ಫ್ರಾನ್ಸಿನಲ್ಲಿ ಬ್ರೂಹಾ ಮತ್ತು ಸಂಗಡಿಗರು ಲ್ಯಾಪರೊಸ್ಕೋಪಿನಲ್ಲೇ ಟ್ಯೂಬು ಸೀಳಿ ಗರ್ಭ ತೆಗೆದ ವರದಿ ಕೊಟ್ಟರು. ಈಗ ಎಲ್ಲಿ ಸೌಕರ್ಯವಿದೆಯೋ ಅಲ್ಲಿ ಲ್ಯಾಪರೊಸ್ಕೋಪಿಯೇ ಮೊದಲ ಆಯ್ಕೆ: ರಕ್ತ ಕಡಿಮೆ ಹೋಗುತ್ತದೆ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಆದರೆ ರೋಗಿ ಕುಸಿಯುತ್ತಿದ್ದರೆ, ಅರಿವಳಿಕೆಯವರು ಬೇಗ ಬೇಗ ಎನ್ನುತ್ತಿದ್ದರೆ, ಯಾವ ದಾರಿಯಲ್ಲಿ ಆ ರಕ್ತನಾಳಕ್ಕೆ ಬೇಗ ಕೈ ಹೋಗುತ್ತದೋ ಅದೇ ಸರಿಯಾದ ದಾರಿ. ಹೊಟ್ಟೆ ಕೊಯ್ದು ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ನಿಮಗೆ ಕಡಿಮೆ ದರ್ಜೆಯ ಚಿಕಿತ್ಸೆ ಸಿಕ್ಕಿತು ಎಂದು ಕೊರಗಬೇಡಿ. ಒಳಗೆ ಮಾಡುವ ಕೆಲಸ ಎರಡರಲ್ಲೂ ಒಂದೇ.

ಎಕ್ಟೋಪಿಕ್ ಎಲ್ಲವೂ ಟ್ಯೂಬಿನ ನಡುವೆಯೇ ಇರುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ, ಬೇರೆ ಓದುಗರಿಗೆ ಬೇಕಾದೀತು. ಟ್ಯೂಬು ಗರ್ಭಕೋಶದ ಗೋಡೆಯೊಳಗೆ ಹಾಯುವ ಮೂಲೆಯಲ್ಲಿ ನಿಂತದ್ದು ಬಲು ಮೋಸದ್ದು. ಸುತ್ತ ಮಾಂಸಖಂಡ ಇರುವುದರಿಂದ ತಡವಾಗಿ ಒಡೆಯುತ್ತದೆ, ಒಡೆದರೆ ಧಾರಾಕಾರ. ಅಲ್ಲಿ ಟ್ಯೂಬಿನ ಜೊತೆ ಗರ್ಭಕೋಶದ ಮೂಲೆಯನ್ನೂ ಕತ್ತರಿಸಿ ಹೊಲಿಯಬೇಕಾಗುತ್ತದೆ. ಆ ಹೊಲಿಗೆ ಮುಂದಿನ ಬಸಿರಿನಲ್ಲಿ ಬಿಚ್ಚುವ ಭಯ ಇರುವುದರಿಂದ ನೋವು ಶುರುವಾಗುವ ಮೊದಲೇ ಸಿಸೇರಿಯನ್ ಮಾಡುವವರೇ ಹೆಚ್ಚು. ಹಿಂದಿನ ಸಿಸೇರಿಯನ್ ಗಾಯದಲ್ಲಿ ಗರ್ಭ ನಿಂತರೆ ಸ್ಕ್ಯಾನ್ ಇಲ್ಲದೆ ಕುರುಡಾಗಿ ಕೆರೆದು ತೆಗೆಯುವುದು ಅಪಾಯ. ಸ್ಕ್ಯಾನ್ ನೋಡಿಕೊಂಡು ಹೀರುವುದೋ, ಲ್ಯಾಪರೊಸ್ಕೋಪಿಯಲ್ಲಿ ಆ ಭಾಗವನ್ನೇ ಕತ್ತರಿಸಿ ಹೊಲಿಯುವುದೋ ಮಾಡುತ್ತಾರೆ. ಅಂಡಾಶಯದಲ್ಲಿ ನಿಂತದ್ದಾದರೆ ಆ ತುಣುಕನ್ನಷ್ಟೇ ಕೊಯ್ದು ಅಂಡಾಶಯ ಉಳಿಸುತ್ತೇವೆ. ಇನ್ನು ಗರ್ಭಕೋಶದಲ್ಲೊಂದು, ಟ್ಯೂಬಿನಲ್ಲೊಂದು ಒಟ್ಟಿಗೇ ನಿಲ್ಲುವುದುಂಟು, ಐವಿಎಫ್ ಆದವರಲ್ಲಿ ಹೆಚ್ಚು. ಅಲ್ಲಿ ಮೆಥೊಟ್ರೆಕ್ಸೇಟ್ ಕೊಟ್ಟರೆ ಒಳಗಿನ ಮಗುವಿಗೂ ವಿಷ, ಆದ್ದರಿಂದ ಆಪರೇಷನ್ನೇ ಗತಿ. ಟ್ಯೂಬು ತೆಗೆದ ಮೇಲೂ ಗರ್ಭಕೋಶದ ಬಸಿರು ಮುಂದುವರಿದು ಹೆರಿಗೆಯಾದವರು ಇದ್ದಾರೆ.

"ಅರ್ಧ ಅವಕಾಶ ಹೋಯಿತು" ಎಂಬ ಮಾತಿಗೆ ಬರೋಣ. ಎರಡು ಟ್ಯೂಬಿನಲ್ಲಿ ಒಂದು ಹೋದರೆ ಅರ್ಧ, ಈ ಲೆಕ್ಕ ಹಾಳೆಯ ಮೇಲೆ ಸರಿ, ಹೊಟ್ಟೆಯೊಳಗೆ ಸರಿಯಲ್ಲ. ಚಿತ್ರದಲ್ಲಿ ಟ್ಯೂಬು ಮತ್ತು ಅಂಡಾಶಯ ಎರಡು ಕೈ ಚಾಚಿದಂತೆ ದೂರ ದೂರ ಇರುತ್ತವೆ. ನಿಜದಲ್ಲಿ ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ಹತ್ತಿರ ಹತ್ತಿರ ಇಳಿಬಿದ್ದಿರುತ್ತವೆ. ಟ್ಯೂಬಿನ ತುದಿ ಅಲ್ಲಾಡುತ್ತಾ ಇರುತ್ತದೆ. ಬಲ ಅಂಡಾಶಯ ಬಿಟ್ಟ ಅಂಡವನ್ನು ಎಡ ಟ್ಯೂಬು ಎತ್ತಿಕೊಳ್ಳಬಲ್ಲದು. ಒಂದು ಕಡೆ ಟ್ಯೂಬು ಮಾತ್ರ, ಇನ್ನೊಂದು ಕಡೆ ಅಂಡಾಶಯ ಮಾತ್ರ ಉಳಿದ ಹೆಂಗಸರು ಸಹಜವಾಗಿ ಬಸಿರಾದದ್ದರಿಂದಲೇ ಇದು ನಮಗೆ ಖಾತ್ರಿಯಾಗಿ ಗೊತ್ತು. ಮೇಲೆ ಹೇಳಿದ 56 ಶೇಕಡಾವನ್ನು ಮತ್ತೊಮ್ಮೆ ನೋಡಿ: ಅದು ಒಂದೇ ಟ್ಯೂಬು ಇರುವವರ ಲೆಕ್ಕ, ಮತ್ತು ಯಾವ ಚಿಕಿತ್ಸೆಯೂ ಇಲ್ಲದೆ ಬಸಿರಾದವರದು ಮಾತ್ರ.

ಮರುಕಳಿಸುವ ಭಯ ಮಾತ್ರ ನಿಜವಾದದ್ದು. ಒಮ್ಮೆ ಎಕ್ಟೋಪಿಕ್ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗುತ್ತದೆ. ಸಿಗರೇಟು ಈ ಅಪಾಯವನ್ನು ಏರಿಸುತ್ತದೆ; ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಹೊರಗೆ ಹೋಗಲು ಹೇಳಿ. ಬಿಳಿಸೆರಗು, ಕೆಳಹೊಟ್ಟೆ ನೋವು ಇದ್ದರೆ ಸೋಂಕಿಗೆ ಪರೀಕ್ಷೆ ಮಾಡಿಸಿ, ಇಬ್ಬರೂ ಚಿಕಿತ್ಸೆ ತೆಗೆದುಕೊಳ್ಳಿ. ಟ್ಯೂಬು ಹಾಳುಮಾಡುವ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ಎಷ್ಟೋ ಸಲ ಯಾವ ಸುಳಿವೂ ಕೊಡುವುದಿಲ್ಲ.

ಈಗಿನ ದಿನಗಳ ಬಗ್ಗೆ. ಎರಡು ಮೂರು ದಿನ ಭುಜ ನೋಯುತ್ತಿತ್ತು, ಹೃದಯದ್ದೇನೋ ಎಂದು ಹೆದರಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಉಳಿದ ಗ್ಯಾಸು ಮತ್ತು ರಕ್ತ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆರಳಿಸಿದ್ದು. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಜಾಗದಿಂದ ಹೊರಡುವುದರಿಂದ ಮೆದುಳು ಗಲಿಬಿಲಿಗೊಂಡು ಭುಜ ಎನ್ನುತ್ತದೆ. ಆಪರೇಷನ್ನಿಗೆ ಮುಂಚೆ ಬಂದಿದ್ದರೆ ಅದೇ ನೋವು ಅಪಾಯದ ಗಂಟೆ, ನಂತರ ಬಂದರೆ ಸಾಮಾನ್ಯ. ಹಿಮೋಗ್ಲೋಬಿನ್ 8.4 ಇದೆ, ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ, ನಿಲ್ಲಿಸಬೇಡಿ. ಟ್ಯೂಬನ್ನು ಪರೀಕ್ಷೆಗೆ ಕಳಿಸಿರುತ್ತಾರೆ, ಆ ಬಯಾಪ್ಸಿ ವರದಿ ತಂದಿಟ್ಟುಕೊಳ್ಳಿ. ಮೂರು ವಾರದ ನಂತರ ಮನೆಯಲ್ಲೇ ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ನೆಗೆಟಿವ್ ಬಂದರೆ ಸರಿ, ಪಾಸಿಟಿವ್ ಇದ್ದರೆ ತೋರಿಸಿ. ಜ್ವರ, ಏರುತ್ತಾ ಹೋಗುವ ಹೊಟ್ಟೆನೋವು, ತಲೆಸುತ್ತು, ಗಾಯದಲ್ಲಿ ಕೀವು, ಇವಕ್ಕೆ ಕಾಯಬೇಡಿ, ಅದೇ ದಿನ ಹೋಗಿ.

ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ. ಅಂಡ ಬಿಡುಗಡೆ ಅದಕ್ಕೂ ಮೊದಲೇ ಆಗುವುದರಿಂದ, ಮುಟ್ಟು ಬಂದಿಲ್ಲವಲ್ಲ ಎಂದು ನಿರಾಳವಾಗಿರಬೇಡಿ. ಟ್ಯೂಬು ತೆಗೆದವರು ಇಷ್ಟೇ ತಿಂಗಳು ಕಾಯಬೇಕು ಎಂಬ ಕಟ್ಟುನಿಟ್ಟಿನ ನಿಯಮವಿಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಿಗೆ ಮೂರು ತಿಂಗಳು ಎಂದು ಹೇಳುವುದು ಔಷಧಿಯ ಕಾರಣಕ್ಕೆ. ಅದನ್ನು ಕೇಳಿ ನಿಮಗೂ ಯಾರೋ ಹೇಳಿರಬಹುದು. ನಿಮಗೆ ನಾನು ಹೇಳುವುದು ಒಂದೆರಡು ಮುಟ್ಟು ಆಗಲಿ, ಹಿಮೋಗ್ಲೋಬಿನ್ ಏರಲಿ, ಫೋಲಿಕ್ ಆಸಿಡ್ ಶುರುಮಾಡಿ ಎಂದಷ್ಟೇ. ಅಳು ಬಂದರೆ ಅತ್ತುಬಿಡಿ. ಏಳು ವಾರದ್ದಾದರೇನು, ಅದೂ ನೀವು ಕಾದಿದ್ದ ಬಸಿರೇ.

ಮುಂದಿನ ಸಲ ಟೆಸ್ಟ್ ಪಾಸಿಟಿವ್ ಬಂದ ದಿನವೇ ನಿಮ್ಮ ಡಾಕ್ಟರಿಗೆ ತಿಳಿಸಿ. ಆರನೇ ವಾರದಿಂದ ಏಳನೇ ವಾರದೊಳಗೆ ಒಳಗಿನಿಂದ ಮಾಡುವ ಸ್ಕ್ಯಾನ್ ಆಗಲೇಬೇಕು. ನೋವು, ರಕ್ತ ಕಂಡರೆ ಅದಕ್ಕೂ ಮೊದಲೇ. ಬಸಿರು ಗರ್ಭಕೋಶದಲ್ಲಿದೆ ಎಂದು ಸ್ಕ್ಯಾನ್ ಮಾಡಿದವರ ಬಾಯಿಂದ ಕೇಳುವವರೆಗೆ ಬಿಡಬೇಡಿ. ಈ ಸಮ್ಮರಿಯ ಎರಡನೇ ಪುಟವನ್ನು ಜೆರಾಕ್ಸ್ ಮಾಡಿಸಿ ಜೊತೆಗೆ ಒಯ್ಯಿರಿ, ಮೂರನೇ ಸಾಲಿನ ಕೆಳಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದು. ನಿಮ್ಮನ್ನು ಹೊಸದಾಗಿ ನೋಡುವ ಡಾಕ್ಟರು ಮೊದಲು ಕೇಳುವುದು ಆ ಎಡಗಡೆಯ ಟ್ಯೂಬಿನ ಬಗ್ಗೆಯೇ.